ವಾಡಿ ರೈಲಿನ ಕೂಗು

ಶಹಾಬಾದಿನ ಕಲ್ಲುಗಣಿಯಲ್ಲಿ ಮನೆಯ ನೆಲಕ್ಕೆ ಹಾಸಲು ಫರಸಿಕಲ್ಲು ಆರಿಸುತ್ತಾ ಬೇವಿನ ನೆರಳಲ್ಲಿ ನಿಂತಿದ್ದೆ. ಉರಿಬಿಸಿಲು. ಮೊಬೈಲಿನ ಹವಾಮಾನ ವರದಿಯಲ್ಲೂ ಮಳೆಯ ಸುಳಿವಿರಲಿಲ್ಲ. ಕಲ್ಲು ಕೆತ್ತುತ್ತಿದ್ದ ಮುದುಕ ಖಾಸಿಂ ಚಾಚಾ ತಟ್ಟನೆ ಸುತ್ತಿಗೆ ಕೆಳಗಿಟ್ಟರು.

"ಕಲ್ಲ ಬಡ್ದು ಬಡ್ದು ನನ್ನ ಕಿವಿ ಮಂದ ಆಗ್ಯಾವ್ರಿ. ನನಗೇ ವಾಡಿ ರೈಲು ಕೇಳ್ಲಿಕತ್ತದಂದ್ರ ಗುಡುಗು-ಮಳಿ ಬಂತಂತ ತಿಳ್ಕೋರಿ. ಗಿಡ ಬಿಟ್ಟು ಒಳಗ ಬರ್ರಿ."

ನಾನೂ ಕಿವಿಗೊಟ್ಟೆ. ಮೈಲಿಗಟ್ಟಲೆ ದೂರದ ವಾಡಿ ಜಂಕ್ಷನ್ನಿನ ರೈಲು ಬೇಲಿಯಾಚೆಯೇ ಹಾಯುತ್ತಿರುವಂತೆ ಕೂಗಿತು. ನಗುತ್ತಲೇ ಅವರ ಹಿಂದೆ ಗಣಿಯ ಕೋಣೆಗೆ ಹೋದೆ. ಕೊಟ್ಟ ಚಹಾ ಮುಗಿಯುವ ಮೊದಲೇ ಮೋಡ ಕವಿದು ಕತ್ತಲಾಯಿತು. ಸಿಡಿಲು ಆ ಬೇವನ್ನು ಸೀಳಿ ಹಾಕಿತು.

ಆ ಫರಸಿ ಈಗ ನಮ್ಮೂರು ಕೊಡ್ಲಿಯ ಮನೆಯ ಪಡಸಾಲೆಯಲ್ಲಿದೆ. ಬೇಸಿಗೆಯ ಮಧ್ಯಾಹ್ನ ಅದರ ಮೇಲೆ ಕಣ್ಮುಚ್ಚಿ ಮಲಗುತ್ತೇನೆ. ನಮ್ಮೂರಿಗೆ ರೈಲಿಲ್ಲ. ಆದರೂ ಆ ವಾಡಿ ರೈಲಿನ ಕೂಗಿಗೆ ಕಾಯುತ್ತೇನೆ.