ಅತ್ತೆ ತಿದ್ದಿದ ನಾಟಕ

ಅತ್ತೆಗೆ ನಾಟಕವೆಂದರೆ ಅಷ್ಟಕ್ಕಷ್ಟೆ. ಬಟ್ಟೆ ಕಾರ್ಖಾನೆಯಲ್ಲಿ ನಲವತ್ತು ಹೊಲಿಗೆ ಮಷಿನುಗಳ ಸಾಲಿಗೆ ಸೂಪರ್‌ವೈಸರ್ ಆಗಿ, ಹದಿನೆಂಟು ವರ್ಷ ಕಿರುಚಿ ಗಂಟಲು ಕೆಡಿಸಿಕೊಂಡವಳು. ನನ್ನ ಅಪ್ಪನ ಅಕ್ಕ. ಮದುವೆಯ ಗೊಡವೆಗೇ ಹೋಗದೆ, ಅಪ್ಪ ತೀರಿಕೊಂಡ ಮೇಲೂ ನಮ್ಮೊಂದಿಗೇ ಉಳಿದಳು. ಅಪ್ಪ ಇದ್ದಾಗಲೇ ಅಮ್ಮನನ್ನು ಅದೇ ಸಾಲಿಗೆ ಸೇರಿಸಿದವಳೂ ಅವಳೇ.

ನಾಟಕ ಬರೆದ ಹೆಂಗಸು ಕಾರ್ಖಾನೆಯ ಗೇಟಿನ ಬಳಿ ಹಲವರನ್ನು ಮಾತಾಡಿಸಿ ಹೋಗಿದ್ದಳು. ಬರೆದು ಮುಗಿಸಿದ ಮೇಲೆ ಒಂದು ಪ್ರತಿಯನ್ನು, ತಪ್ಪಿದ್ದರೆ ತಿದ್ದಿಕೊಡಿ ಎಂದು ಅತ್ತೆಗೆ ಕೊಟ್ಟಳು. ವಿಚಿತ್ರ ನಾಟಕ. ಕಥೆಯಿಲ್ಲ, ಹೆಸರುಗಳಿಲ್ಲ, ಬರೀ ಮಷಿನ್ ನಂಬರುಗಳು. ಒಂದೂವರೆ ಗಂಟೆ ಹೆಂಗಸರು ವೇದಿಕೆಯ ಮೇಲೆ ನಿಜವಾಗಿಯೂ ಕಾಲರ್ ಹೊಲಿಯುತ್ತಾರೆ. ಶೌಚಕ್ಕೆ ಹೋಗಬೇಕಾದವಳು ಸೂಪರ್‌ವೈಸರ್ ಹತ್ತಿರ ಟೋಕನ್ ಪಡೆಯಬೇಕು. ಸಾಲಿಗೆಲ್ಲ ಒಂದೇ ಟೋಕನ್.

"ಇದನ್ನ ಟಿಕೆಟ್ ತಗೊಂಡು ಯಾರೇ ನೋಡ್ತಾರೆ? ನಾವು ಪುಕ್ಕಟೆ ನೋಡಿನೇ ಸಾಕಾಗಿದೆ," ಎಂದು ಅತ್ತೆ ನಕ್ಕಳು. ಆದರೂ ಮೂರು ಭಾನುವಾರ ಪೆನ್ಸಿಲ್ ಹಿಡಿದು ಕೂತಳು. ನಾನು ಪಕ್ಕದಲ್ಲಿ ಕೂತು ಓದುತ್ತಿದ್ದೆ. ಅಂಚಿನ ತಿದ್ದುಪಡಿಗಳು ಅವಳ ಬೈಗುಳದ ಹಾಗೇ ಇದ್ದವು: 'ಸೂಜಿ ಮುರಿದರೆ ಚೂರೆಲ್ಲ ಹುಡುಕಿ ಒಪ್ಪಿಸದೆ ಹೊಸದು ಕೊಡುವುದಿಲ್ಲ.' 'ಇಷ್ಟೊಂದು ನಗು ಯಾಕೆ? ತಲೆ ಎತ್ತಿದರೆ ಹೊಲಿಗೆ ಸೊಟ್ಟ.'

ಕೊನೆಯ ಹಾಳೆಗಳಲ್ಲಿ ಹದಿನೇಳನೇ ಮಷಿನ್ನಿನ ಬಸುರಿ ಹೊಟ್ಟೆನೋವೆಂದು ಮೂರು ಸಲ ಟೋಕನ್ ಕೇಳುತ್ತಾಳೆ. ಬೇರೆಯವಳ ಹತ್ತಿರ ಇದೆ ಎಂದು ಸೂಪರ್‌ವೈಸರ್ ಪಾಪ, ಕಣ್ಣೀರು ಹಾಕುತ್ತಾಳೆ. ಸಂಜೆಯ ಹೊತ್ತಿಗೆ ಸ್ಟೂಲೆಲ್ಲ ರಕ್ತ.

ಆ ಬಸುರಿ ನನ್ನಮ್ಮ. ಆಗ ನನಗೆ ಆರು ವರ್ಷ. ಟೋಕನ್ ಇಲ್ಲವೆಂದು ಅತ್ತೆ ಹೇಳಿದ್ದನ್ನು ಅಮ್ಮ ನಂಬಿದ್ದಳು. ಅವತ್ತು ಬೆಳಿಗ್ಗೆ ಎರಡು ಕೊಡ ನೀರು ಎತ್ತಿದ್ದರಿಂದಲೇ ಮಗು ಹೋಯಿತೆಂದು ಹನ್ನೆರಡು ವರ್ಷ ತನ್ನನ್ನೇ ಹಳಿದುಕೊಂಡಳು. ಅತ್ತೆ ಅದನ್ನೆಲ್ಲ ಕೇಳಿಸಿಕೊಂಡು ಸುಮ್ಮನಿರುತ್ತಿದ್ದಳು.

ಆ ಪುಟದ ಅಂಚಿನಲ್ಲಿ ಅತ್ತೆ ಬರೆದಳು: 'ಸುಳ್ಳು. ಸೂಪರ್‌ವೈಸರ್ ಅಳಲಿಲ್ಲ. ಟೋಕನ್ ಅವಳ ಜೇಬಿನಲ್ಲೇ ಇತ್ತು. ತಮ್ಮನ ಹೆಂಡತಿ ಅಂತ ಬೇಗ ಕೊಟ್ಟಳು ಎಂದು ಸಾಲಿನವರು ಆಡಿಕೊಂಡಾರು ಅಂತ ಕೊಡಲಿಲ್ಲ.'

ನಾನು ರಬ್ಬರ್ ಹುಡುಕಿ ಅವಳ ಮುಂದೆ ಹಿಡಿದೆ. "ಅಳಿಸು ಅತ್ತೆ. ಅಮ್ಮ ನೋಡಿದ್ರೆ ಏನ್ ಗತಿ?"

"ನೋಡ್ಲಿ ಅಂತಾನೇ ಬರ್ದೆ. ಬಾಯಿಬಿಟ್ಟು ಹೇಳೋಕೆ ಧೈರ್ಯ ಬರ್ಲಿಲ್ಲ ಕಣೆ." ಹಾಗೆಂದು ತಾನೇ ಎದ್ದು ಹೋಗಿ ಹಾಳೆಯನ್ನು ಅಮ್ಮನ ಕೈಗಿಟ್ಟಳು.

ಅಮ್ಮ ಒಲೆಯ ಮುಂದೆ ನಿಂತೇ ಎರಡು ಸಲ ಓದಿದಳು. ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ನಾವು ಬದುಕಿಕೊಳ್ಳುತ್ತಿದ್ದೆವು. "ಊಟ ಆರ್ತಿದೆ, ಬನ್ನಿ," ಎಂದಳು.

ಮರುದಿನ ಬೆಳಿಗ್ಗೆ ಅತ್ತೆಯ ಮುಂದೆ ಬಂದು ಕೈಕಟ್ಟಿ ನಿಂತಳು.

"ಅತ್ತಿಗೆ, ಟಾಯ್ಲೆಟ್‌ಗೆ ಹೋಗಿ ಬರ್ಲಾ?"

ಅತ್ತೆಗೆ ತಟ್ಟನೆ ಅರ್ಥವಾಗಲಿಲ್ಲ. ಆದಾಗ ಕೂತಲ್ಲಿಂದ ಎದ್ದಳು. "ಹೀಗ್ ಮಾಡ್ಬೇಡ ಕಣೆ. ನಾಲ್ಕು ಏಟು ಹೊಡಿ ಬೇಕಾದ್ರೆ," ಎಂದು ಕೈಮುಗಿದಳು. ಅಮ್ಮ ಕದಲಲಿಲ್ಲ. ಅತ್ತೆ 'ಹೋಗು' ಎನ್ನುವವರೆಗೂ ನಿಂತೇ ಇದ್ದಳು.

ಇದಾಗಿ ಎರಡು ವರ್ಷವಾಯಿತು. ಅಮ್ಮ ಈಗಲೂ ದಿನಕ್ಕೆ ನಾಲ್ಕೈದು ಸಲ ಬಂದು ಕೇಳುತ್ತಾಳೆ. ಅತ್ತೆ ಹೋಗು ಎನ್ನುತ್ತಾಳೆ.