ಇಬ್ಬರು ಒಳಗೆ, ಒಬ್ಬಳು ಹೊರಗೆ

ಹಕ್ಕಿಗಳಿಗೆ ಎಣಿಸಲು ಬರುವುದಿಲ್ಲ. ಗೂಡಿನ ಫೋಟೋ ತೆಗೆಯುವವರ ಕಸುಬೆಲ್ಲ ನಿಂತಿರುವುದು ಈ ಒಂದು ನಂಬಿಕೆಯ ಮೇಲೆ. ಒಬ್ಬನೇ ಹೋಗಿ ಗೂಡಿನ ಹತ್ತಿರ ಗೋಣಿತಾಟಿನ ಗುಡಾರದೊಳಗೆ ಕೂತರೆ ತಾಯಿಹಕ್ಕಿ ಎದುರು ಕೊಂಬೆಯಲ್ಲಿ ಕೂತು ಗಂಟೆಗಟ್ಟಲೆ ಬೈಯುತ್ತದೆಯೇ ಹೊರತು ಗೂಡಿಗೆ ಇಳಿಯುವುದಿಲ್ಲ. ಅದೇ ಇಬ್ಬರು ಗುಡಾರದೊಳಗೆ ನುಗ್ಗಿ, ಒಬ್ಬರು ಹೊರಬಂದು ಚೆನ್ನಾಗಿ ಕಾಣುವ ಹಾಗೆ ನಡೆದು ಹೋದರೆ, ಪೀಡೆ ತೊಲಗಿತು ಎಂದುಕೊಂಡು ಐದು ನಿಮಿಷದಲ್ಲಿ ಬಂದುಬಿಡುತ್ತದೆ. ಒಳಗೆ ಉಳಿಯುವವನು ನಾನು. ಹೊರಟುಹೋಗುವವಳು ನನ್ನ ಹೆಂಡತಿ.

ನಾನು ಆಗ ತುಮಕೂರಿನ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಉಪ್ಪಾರಹಳ್ಳಿಯಲ್ಲಿ ಬಾಡಿಗೆ ಮನೆ. ಮದುವೆಯಾಗಿ ಎರಡು ವರ್ಷವಾಗಿತ್ತು. ಹೆಂಡತಿಯ ತವರು ಗುಬ್ಬಿ, ಬಸ್ಸು ಹತ್ತಿದರೆ ಅರ್ಧ ಗಂಟೆಯ ದಾರಿ. ಆದರೂ ಭಾನುವಾರ ಬಂತೆಂದರೆ ಅವಳು ತವರಿನ ಬಸ್ಸು ಬಿಟ್ಟು ನನ್ನ ಜೊತೆ ಕುಣಿಗಲ್ ಬಸ್ಸು ಹತ್ತುತ್ತಿದ್ದಳು. "ಬೇರೆಯವ್ರ ಗಂಡಂದ್ರು ಭಾನುವಾರ ಹೆಂಡ್ತೀನ ಸಿನಿಮಾಕ್ಕೆ ಕರ್ಕೊಂಡು ಹೋಗ್ತಾರೆ. ನಮ್ಮನೆಯವ್ರು ಮುಳ್ಳುಗಿಡದ ಹತ್ರ ಕರ್ಕೊಂಡು ಬಂದು, ಇನ್ನು ಹೊರಡು ಅಂತಾರೆ" ಎಂದು ನಗುತ್ತಿದ್ದಳು. ಆ ನಗುವಿನಲ್ಲಿ ನಿಜವಾದ ಬೇಸರ ಎಷ್ಟಿರಬಹುದು ಎಂದು ನಾನು ಲೆಕ್ಕ ಹಾಕುತ್ತಿದ್ದೆ.

ಏಕೆಂದರೆ ನಾನು ಹುಟ್ಟಾ ಅನುಮಾನದ ಪ್ರಾಣಿ. ಹಾಲಿನವಳ ಚೊಂಬಿನಲ್ಲಿ ನೀರು ಎಷ್ಟು, ಸ್ಟುಡಿಯೋದವನು ಕೊಟ್ಟ ಪುಡಿ ನಿಜವಾಗಿ ಫಿಲಂ ತೊಳೆಯುವ ಪುಡಿಯೋ ಅಡುಗೆ ಸೋಡಾವೋ, ಪಕ್ಕದ ಮನೆಯವರು ನಮ್ಮ ಬಾಗಿಲ ಮುಂದೆ ದನಿ ಇಳಿಸಿದ್ದು ಯಾಕೆ, ಇವೇ ನನ್ನ ಯೋಚನೆಗಳು. ಕುರುಚಲು ಕಾಡಿನಲ್ಲಿ ಈ ಗುಣ ಕೆಲಸಕ್ಕೆ ಬರುತ್ತಿತ್ತು. ಒಣಗಿದ ಎಲೆ ಕಂಡರೆ ಚಿಟ್ಟೆಯಿರಬಹುದು ಎಂದು ನಿಲ್ಲುತ್ತಿದ್ದೆ, ಕಲ್ಲು ಕಂಡರೆ ಉಡವಿರಬಹುದು ಎಂದು. ಹಾಗೆ ನಿಂತು ನಿಂತೇ ಅಷ್ಟಿಷ್ಟು ಒಳ್ಳೆಯ ಚಿತ್ರಗಳು ಸಿಕ್ಕಿದ್ದವು. ಸಮುದ್ರದ ಏಡಿ, ಹವಳಗಳ ಫೋಟೋ ತೆಗೆಯಬೇಕೆಂಬ ಆಸೆಯೂ ಇತ್ತು. ಸಮುದ್ರವನ್ನು ಇನ್ನೂ ನೋಡಿರಲಿಲ್ಲ, ಅಷ್ಟೆ.

ಚೀನಾ ಯುದ್ಧ ಮುಗಿದ ಮುಂದಿನ ಬೇಸಗೆ. ಹೆಬ್ಬೂರು ದಾಟಿ ಎರಡು ಮೈಲಿ ಹೋದ ಮೇಲೆ ಒಂದು ಪಾಳುಮಂಟಪದ ಹಿಂದಿನ ಇಳಿಜಾರಿನಲ್ಲಿ, ಕಾರೆಗಿಡದೊಳಗೆ, ಹಿತ್ತಲಲ್ಲೂ ಕಾಣುವ ಜುಟ್ಟಿನ ಹಕ್ಕಿ ಪಿಕಳಾರದ ಗೂಡು ಸಿಕ್ಕಿತು. ಮೂರು ಮೊಟ್ಟೆ. ಮೊಟ್ಟೆಯಿಂದ ಮರಿ ಹಾರುವವರೆಗಿನ ಕಥೆಯನ್ನೆಲ್ಲ ತೆಗೆದು ಬೆಂಗಳೂರಿನ ಒಂದು ಪ್ರದರ್ಶನಕ್ಕೆ ಕಳಿಸಬೇಕೆಂದು ನಿಶ್ಚಯಿಸಿದೆ. ಆಗ ಫಿಲಂ ಸಿಗುವುದೇ ಕಷ್ಟ. ಒಂದು ರೋಲಿಗೆ ಹನ್ನೆರಡೇ ಚಿತ್ರ.

ಈ ವಿದ್ಯೆ ನನಗೆ ಹೇಳಿಕೊಟ್ಟವರು ನನಗಿಂತ ಹಿಂದೆ ಅದೇ ಸ್ಕೂಲಿನಲ್ಲಿದ್ದ ಹಳೆಯ ಡ್ರಾಯಿಂಗ್ ಮೇಷ್ಟ್ರು. ಗೂಡಿಗೆ ಅಡ್ಡ ಬರುವ ಕೊಂಬೆಯನ್ನು ಕತ್ತರಿಸಕೂಡದು, ಪಕ್ಕಕ್ಕೆ ಬಗ್ಗಿಸಿ ಕಟ್ಟಬೇಕು, ಹೊರಡುವ ಮುಂಚೆ ಬಿಚ್ಚಬೇಕು ಎಂದು ಅವರು ಕಿವಿಹಿಂಡಿ ಹೇಳಿದ್ದರು. ಹುರಿ ತೊಗಟೆಯನ್ನು ತರಚುತ್ತದೆಂದು ಹೆಂಡತಿ ತನ್ನ ಹಳೆಯ ಹಸಿರಂಚಿನ ಸೀರೆಯನ್ನು ಉದ್ದುದ್ದ ಹರಿದು ಕೊಟ್ಟಿದ್ದಳು. ಆ ಚೂರುಗಳು ಕ್ಯಾಮೆರಾ ಚೀಲದಲ್ಲೇ ಇರುತ್ತಿದ್ದವು.

ಮೊದಲನೆಯ ಭಾನುವಾರ ಗುಡಾರವನ್ನು ದೂರದಲ್ಲಿ ನಿಲ್ಲಿಸಿದೆವು. ಎರಡನೆಯ ಭಾನುವಾರ ಹತ್ತಿರಕ್ಕೆ ಸರಿಸಿದೆವು. ಮೂರನೆಯ ಭಾನುವಾರ ಮರಿಗಳು ಬಂದಿದ್ದವು, ಇನ್ನೂ ಕಣ್ಣು ಬಿಡದ ಮೂರು ಕೆಂಪು ಮಾಂಸದ ಮುದ್ದೆಗಳು. ಮೂರು ಕೊಂಬೆ ಬಗ್ಗಿಸಿ ಕಟ್ಟಿದೆ. ಇಬ್ಬರೂ ಒಳಗೆ ಹೋದೆವು. ಅವಳು ಕೊಡೆ ಬಿಚ್ಚಿಕೊಂಡು ಹೊರಟಳು.

ಹತ್ತೂವರೆಯ ಸುಮಾರಿಗೆ ತಾಯಿ ಗೂಡಿನ ಅಂಚಿನಲ್ಲಿ ನಿಂತು ಎರಡೂ ರೆಕ್ಕೆಗಳನ್ನು ಅಗಲಿಸಿತು. ಹಾಗೇ ನಿಂತಿತು. ಬಾಯಿ ತೆರೆದಿತ್ತು, ಕೊರಳು ಅದುರುತ್ತಿತ್ತು, ರೆಕ್ಕೆಯ ಕೆಳಗೆ ಮೂರು ಮರಿಗಳು. ಅಂಥ ದೃಶ್ಯವನ್ನು ನಾನು ಕಂಡಿರಲಿಲ್ಲ. ಉಳಿದಿದ್ದ ಐದು ಚಿತ್ರಗಳನ್ನೂ ಅದಕ್ಕೇ ಮುಗಿಸಿದೆ.

ಅಷ್ಟರಲ್ಲಿ ಹೊರಗೆ ಗಲಾಟೆ ಕೇಳಿಸಿತು. ಹಕ್ಕಿಗೆ ಎಣಿಸಲು ಬರದಿದ್ದರೂ ಊರಿನವರಿಗೆ ಬರುತ್ತಿತ್ತು. ಮೂರು ಭಾನುವಾರದಿಂದಲೂ ನೋಡಿಟ್ಟಿದ್ದ ಅವರು ಅವಳನ್ನು ಮಂಟಪದ ಹತ್ತಿರ ತಡೆದಿದ್ದರು. ಅಲ್ಲಿ ನಡೆದದ್ದನ್ನು ಆಮೇಲೆ ಅವಳೇ ಹೇಳಿದಳು.

"ನಿಂತ್ಕಳಮ್ಮ. ಒಳಿಕ್ಕೆ ಓದೋರು ಇಬ್ರು. ಈಚಿಗ್ ಬಂದೋಳು ನೀನೊಬ್ಳೇ. ಇನ್ನೊಬ್ಬ ಏನಾದ?"

"ಅವ್ರು ನಮ್ಮನೆಯವ್ರು. ಒಳಗೇ ಕೂತಿದಾರೆ."

"ಈ ಬಿಸ್ಲಲ್ಲಿ ಗೋಣಿಚೀಲದೊಳ್ಗೆ ಯಾಕ್ ಕೂತವ್ರೆ?"

"ಹಕ್ಕಿ ಫೋಟೋ ತೆಗೆಯೋಕೆ."

"ಯಾವ ಹಕ್ಕಿ?"

"ಪಿಕಳಾರ."

ಹುಲಿ ಎಂದಿದ್ದರೆ ನಂಬುತ್ತಿದ್ದರೇನೋ. ಪಿಕಳಾರಕ್ಕಾಗಿ ತುಮಕೂರಿನಿಂದ ಬಸ್ಸಿನಲ್ಲಿ ಬರುವವರುಂಟೆ? ಒಬ್ಬ ಅವಳ ಚೀಲ ತೆಗೆದು ನೋಡಿದ. ಪಾನಕಕ್ಕೆಂದು ತಂದಿದ್ದ ನಾಲ್ಕು ನಿಂಬೆಹಣ್ಣು ಸಿಕ್ಕಿದ್ದೇ ತಡ, ಎಲ್ಲರೂ ಹಿಂದಕ್ಕೆ ಸರಿದರು. "ನಿಧಿ ತೆಗಿಯೋರೇ ಕಣ್ರಲಾ! ಗಂಡಸನ್ನ ಒಳ್ಗೆ ಬಲಿ ಕೊಟ್ಟವ್ಳೆ!" ಎಂದು ಕೂಗೆದ್ದಿತು. ಅವಳು ಹೆದರಿ, ಗಂಡ ಬದುಕಿರುವುದನ್ನು ತೋರಿಸಲೆಂದು, ಎಂಟು ಹತ್ತು ಜನರನ್ನು ಗುಡಾರದ ಹತ್ತಿರಕ್ಕೇ ಕರೆತಂದಳು. ಗೂಡಿರುವ ಗಿಡವನ್ನೂ ಕೈಮಾಡಿ ತೋರಿಸಿದಳು.

ಯಾರೋ ಕೋಲಿನಿಂದ ಗೋಣಿಯನ್ನು ತಿವಿದರು. ನಾನು ಕ್ಯಾಮೆರಾ ನೋಡಲು ತಲೆಗೆ ಹೊದ್ದಿದ್ದ ಕಪ್ಪುಬಟ್ಟೆಯ ಸಮೇತ ಅಂಬೆಗಾಲಿಟ್ಟು ಹೊರಬಂದೆ. ಇಬ್ಬರು ಓಡಿಯೇ ಹೋದರು. ಉಳಿದವರು ನಕ್ಕರು, ಆದರೆ ಕಣ್ಣಿನಲ್ಲಿ ನಂಬಿಕೆ ಇರಲಿಲ್ಲ. ಕ್ಯಾಮೆರಾ ಹಿಡಿದು ತಿರುಗುವವರು ಶತ್ರುದೇಶದ ಗೂಢಚಾರರೂ ಆಗಿರಬಹುದು ಎಂದು ಒಬ್ಬರು ಹೇಳಿದರು. ನಾನು ಸ್ಕೂಲ್ ಮೇಷ್ಟ್ರು ಎಂದು ಹೇಳಿಕೊಂಡರೂ ಕೇಳಲಿಲ್ಲ. "ಮೇಷ್ಟ್ರೇ, ಈಗಿಂದೀಗ್ಲೇ ಗಂಟುಮೂಟೆ ಕಟ್ಟಿ" ಎಂದರು ಊರ ಹಿರಿಯರು. ಅವರ ಕಣ್ಣೆದುರಿಗೇ ಗುಡಾರ ಕಿತ್ತು, ಅದರ ಬಿದಿರುಗಳಿಗೆ ಗೋಣಿ ಸುತ್ತಿ, ಎದ್ದೆವೋ ಬಿದ್ದೆವೋ ಎಂದು ರಸ್ತೆಗೆ ಬಂದು ಬಸ್ಸು ಹಿಡಿದೆವು.

ಮುಂದಿನ ಭಾನುವಾರ ಗುಡಾರವಿಲ್ಲದೆ ಹೋದೆವು. ಹಿರಿಯರನ್ನು ಒಪ್ಪಿಸಿ ಬರುತ್ತೇನೆಂದು ಅವಳು ಊರೊಳಗೆ ಹೋದಳು. ನಾನು ಗೂಡಿನ ಹತ್ತಿರ ಹೋದೆ. ಕೊಂಬೆಗಳು ಹಬ್ಬಿ ಗೂಡನ್ನು ಮುಚ್ಚಿದ್ದವು. ಸರಿಸಿ ನೋಡಿದೆ. ಗೂಡು ಖಾಲಿ. ಮರಿಗಳಿಗೆ ಇನ್ನೂ ಹಾರುವ ವಯಸ್ಸಲ್ಲ. ಗಿಡದ ಬುಡದಲ್ಲಿ ಆಡಿನ ಗೊರಸಿನ ಗುರುತು, ಬರಿಗಾಲಿನ ಗುರುತು. ನನ್ನ ತಲೆಯಲ್ಲಿ ಎಲ್ಲವೂ ಒಂದಕ್ಕೊಂದು ಕೂಡಿಕೊಂಡವು. ಗೂಡಿನ ಜಾಗ ಊರಿಗೆ ಗೊತ್ತಾದದ್ದು ಯಾರಿಂದ?

ಅವಳು ಇಳಿಜಾರು ಇಳಿದು ಬಂದಳು. ಬಲಗೈ ಮುಷ್ಟಿ ಬಿಗಿದಿತ್ತು. ಏನೋ ಹೇಳಲು ಬಾಯಿ ತೆರೆದಳು.

"ತೋರಿಸಿಕೊಟ್ಯಲ್ಲ, ಕಿತ್ಕೊಂಡು ಹೋದ್ರು" ಎಂದೆ. "ನಿನಗೆ ಮೊದಲಿಂದಲೂ ಇದು ಬೇಕಾಗಿರಲಿಲ್ಲ ಕಣೇ. ಬೇಕಂತಲೇ ತೋರಿಸಿದೀಯ."

ಅವಳು ಮುಷ್ಟಿಯನ್ನು ತನ್ನ ಚೀಲದೊಳಗೆ ಇಳಿಸಿ, ಬರಿಗೈಯನ್ನು ಹೊರತೆಗೆದಳು. ಬಸ್ಸಿನಲ್ಲಿ ಮುಂದೆ ಹೆಂಗಸರ ಸೀಟಿನಲ್ಲಿ ಹೋಗಿ ಕೂತಳು.

ಬಚ್ಚಲುಮನೆಯ ಕಿಟಕಿಗೆ ಕಂಬಳಿ ಹೊದಿಸಿ ನಾನೇ ಫಿಲಂ ತೊಳೆದೆ. ರೆಕ್ಕೆ ಅಗಲಿಸಿದ ಚಿತ್ರವನ್ನು ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ ಪ್ರದರ್ಶನಕ್ಕೆ ಕಳಿಸಿದೆ. ಅಲ್ಲಿ ಅದರ ಮುಂದೆ ಜನ ನಿಂತು ನಿಂತು ನೋಡಿದರಂತೆ. ಇನ್ನೊಂದು ಪ್ರತಿಗೆ ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕಿದೆ. "ತಾಯಿಕರುಳು ಅಂದ್ರೆ ಇದು ಮೇಷ್ಟ್ರೇ" ಎಂದು ನಮ್ಮ ಹೆಡ್‌ಮಾಸ್ಟರು ಕಣ್ಣೊರೆಸಿಕೊಂಡರು. ಹೆಂಡತಿ ಕಾಫಿ ತರುವ ನೆಪದಲ್ಲಿ ಎದ್ದುಹೋದಳು. ಹೊಟ್ಟೆಕಿಚ್ಚು ಎಂದುಕೊಂಡೆ. ಹಕ್ಕಿಯ ಮೇಲೆ ಹೊಟ್ಟೆಕಿಚ್ಚು ಪಡುವ ಹೆಂಗಸು ಎಂದೂ ಅಂದುಕೊಂಡೆ.

ಅವಳು ಬರುವುದನ್ನೇನೂ ನಿಲ್ಲಿಸಲಿಲ್ಲ. ಬೇರೆ ಕಡೆಗಳಲ್ಲಿ, ಗುಬ್ಬಿಯ ಕೆರೆಯಂಗಳದಲ್ಲಿ, ಕುಣಿಗಲ್ ಕೆರೆಯ ಜೊಂಡಿನಲ್ಲಿ, ಒಳಗೆ ಬಂದು ಹೊರಗೆ ಹೋಗುತ್ತಲೇ ಇದ್ದಳು. ತಮಾಷೆಯ ಮಾತು ಮಾತ್ರ ನಿಂತಿತ್ತು. ನಾನು ಗುಡಾರದ ಹಿಂಭಾಗದಲ್ಲೂ ಒಂದು ತೂತು ಮಾಡಿಕೊಂಡೆ. ಅವಳು ಯಾವ ದಿಕ್ಕಿಗೆ ಹೋಗುತ್ತಾಳೆ, ಯಾರ ಜೊತೆ ನಿಂತು ಮಾತಾಡುತ್ತಾಳೆ ನೋಡಬೇಕಿತ್ತು. ಮುಂದಿನ ತೂತಿನಲ್ಲಿ ಹಕ್ಕಿ, ಹಿಂದಿನ ತೂತಿನಲ್ಲಿ ಹೆಂಡತಿ. ಈಗ ಬರೆಯುವಾಗ ನಾಚಿಕೆಯಾಗುತ್ತದೆ. ಆಗ ಆಗುತ್ತಿರಲಿಲ್ಲ.

ಒಂದು ವರ್ಷ ಹೀಗೇ ಕಳೆಯಿತು. ಮತ್ತೆ ಬೇಸಗೆ ಬಂತು. ಒಂದು ಭಾನುವಾರ ಬೆಳಿಗ್ಗೆ ಹೊರಡುವ ಆತುರದಲ್ಲಿ ಚೀಲ ನೋಡಿದರೆ ಬಟ್ಟೆ ಚೂರುಗಳು ಸಾಲದಾಗಿದ್ದವು. "ಇನ್ನೆರಡು ಹರಿದುಕೊಡು" ಎಂದು ಕೂಗಿದೆ. ಅವಳು ಟ್ರಂಕು ತೆಗೆದು ಮೂರು ಚೂರು ತಂದು ಮೇಜಿನ ಮೇಲಿಟ್ಟಳು.

ಹಸಿರಂಚು ಬಿಸಿಲಿಗೆ ಮಾಸಿತ್ತು. ಒಂದೊಂದರಲ್ಲೂ ಗಂಟು ಹಾಗೇ ಇತ್ತು. ಎರಡು ಸುತ್ತು ಸುತ್ತಿ ಕಿವಿ ಬಿಡುವ ಆ ಗಂಟು ನನ್ನದೇ, ಬೇರೆ ಯಾರೂ ಹಾಗೆ ಹಾಕುವುದಿಲ್ಲ. ಒಂದರಲ್ಲಿ ಕಾರೆಯ ಮುಳ್ಳು ಸಿಕ್ಕಿಕೊಂಡಿತ್ತು. ಎಲ್ಲವನ್ನೂ ಎಣಿಸುವ ನಾನು, ಗುಡಾರ ಕಿತ್ತು ಓಡಿದ ಆ ದಿನ ಕೊಂಬೆಯ ಚೂರುಗಳನ್ನು ಬಿಚ್ಚಿರಲಿಲ್ಲ, ಎಣಿಸಿರಲೂ ಇಲ್ಲ.

"ಎಲ್ಲಿ ಸಿಕ್ತು?" ಎಂದೆ.

"ಹಿರಿಯರನ್ನ ಒಪ್ಸೋಕೆ ಊರೊಳಗೆ ಹೋದೆನಲ್ಲ, ಆಗ ಆಡು ಮೇಯಿಸೋ ಅಜ್ಜಿ ಕೊಟ್ಲು. ನನ್ನ ತಡೆದ ಗುಂಪಲ್ಲಿ ಅವಳೂ ಇದ್ಲು. ಹಕ್ಕಿ ಎರಡು ದಿನದಿಂದ ಗಿಡದ ಸುತ್ತ ಬಡ್ಕೋತಿತ್ತಂತೆ. ಏನಪ್ಪಾ ಅಂತ ಹೋಗಿ ನೋಡಿ, ಗಂಟು ಬಿಚ್ಚೋಕೆ ಬರ್ದೆ ಕೊಂಬೆಯಿಂದ ಜಾರಿಸಿ ತೆಗೆದ್ಲಂತೆ. ಅಷ್ಟೊತ್ತಿಗೆ ಮರಿಗಳು ಬಿಸಿಲಲ್ಲಿ ಒಣಗಿಹೋಗಿದ್ವಂತೆ. ಅವಳೇ ಮಣ್ಣು ಮಾಡಿದ್ಲು."

ನಾನು ಗೋಡೆಯ ಕಡೆ ನೋಡಿದೆ. ತಾಯಿ ರೆಕ್ಕೆ ಅಗಲಿಸಿ, ಬಾಯಿ ತೆರೆದು ನಿಂತಿತ್ತು. ಆ ಬಿಸಿಲು ಗೂಡಿನೊಳಗೆ ಬರಲು ದಾರಿ ಮಾಡಿದವನು ನಾನು. ಅದು ನೆರಳು ಹಿಡಿದು ಏದುಸಿರು ಬಿಡುತ್ತಿದ್ದಾಗ ಐದಡಿ ದೂರದಲ್ಲಿ ಕೂತು ಬೆಳಕು ಚೆನ್ನಾಗಿದೆ ಎಂದುಕೊಂಡವನೂ ನಾನೇ. ಅವಳು ಯಾಕೆ ಆ ಚಿತ್ರವನ್ನು ಒಂದು ಸಲವೂ ನೋಡಲಿಲ್ಲ ಎಂಬುದು ಆಗ ತಿಳಿಯಿತು.

"ಒಂದು ವರ್ಷ ಬಚ್ಚಿಟ್ಟೆಯಲ್ಲ. ಅವತ್ತೇ ಯಾಕೆ ಹೇಳಲಿಲ್ಲ?"

"ಹೇಳೋಕೇ ಬಂದೆ. ಕೈಯಲ್ಲೇ ಇತ್ತು" ಎಂದಳು. "ನೀವು ನನ್ನ ಕೈ ನೋಡ್ಲೇ ಇಲ್ಲ."

ಕುಣಿಗಲ್ ಬಸ್ಸಿಗೆ ಹೊತ್ತಾಗಿತ್ತು. ಚೂರುಗಳನ್ನು ಮುಟ್ಟುವುದು ನನ್ನಿಂದ ಆಗಲಿಲ್ಲ. ಅವಳೇ ಒಂದೊಂದಾಗಿ ಗಂಟು ಬಿಚ್ಚಿ, ಮುಳ್ಳು ಕಿತ್ತು, ಎಣಿಸಿ ಚೀಲಕ್ಕೆ ಹಾಕಿ, ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಳು.