ಕರಕ್ಕಂತ ಹೊಸೆದ ಹಗ್ಗ

ನಮ್ಮ ಗುರವ್ವಕ್ಕನ ಕಡೆ ಹಗ್ಗ ತಗೋಳಾಕ ಹೋದ್ರ ಮೊದಲ ಒಂದ ಮಾತ ಕೇಳತಾಳ, "ಯಾರನ್ನ ಕಟ್ಟಾಕ?" ಬೈಲಹೊಂಗಲ ಸಂತ್ಯಾಗ ಮಂದಿ ನಗತಾರ. ನಗಲಿ, ಅವರಿಗೇನ ಗೊತ್ತು. ನಾ ಅಕೀ ನೆಗೆಣ್ಣಿ, ಅಕೀ ಮೈದುನನ ಹೇಣ್ತಿ, ಒಂದ ಒಲಿ ಮುಂದ ಕುಂತು ರೊಟ್ಟಿ ಬಡದಾಕಿ. ನಂಗ ಗೊತ್ತೈತಿ, ಹೇಳತೇನಿ.

ಅಕ್ಕನ ತವರು ತೊರಗಲ್. ಪುಂಡಿ ನಾರಿನ ಹಗ್ಗ ಹೊಸಿಯೂದು ಅವರಪ್ಪ ಕಲಿಸಿದ್ದು. ಎಳೀ ಕರಾ ಕಟ್ಟೂ ಕಣ್ಣಿಗೆ ಮಾತ್ರ ನಾರಿನ ಜೋಡಿ ತನ್ನ ಹಳೇ ಸೀರಿ ಹರದು ಸೇರಸತಿದ್ಲು. ಬರೇ ನಾರಾದ್ರ ಕೊಳ್ಳ ಕೆತ್ತತೈತಿ, ಸೀರಿ ಸೇರಿದ್ರ ಮೆತ್ತಗಿರತೈತಿ, ಗಾಯ ಆಗಾಂಗಿಲ್ಲ.

ಅಕಿಗೆ ಒಂದ ಮಗಳು, ರಾಣಿ. ಬುದ್ಧಿ ನಿಧಾನ, ಮಾತು ಎರಡೋ ಮೂರೋ. ಬಸ್ಸಿನ ಹಾರ್ನ್ ಕೇಳಿದ್ರ ಓಡಿ ಹೋಗಿ ರಸ್ತೇದಾಗ ನಿಂದರತಿತ್ತು. ಊರ ಸಾಲಿ ಮಾಸ್ತರು ನಮ್ಮ ಕಡಿಂದ ಆಗಾಂಗಿಲ್ಲಂತ ಕೈ ಎತ್ತಿದ್ರು. ಇಂಥಾ ಮಕ್ಕಳ ಸಲುವಾಗಿ ಬೈಲಹೊಂಗಲದಾಗ ರಾಮಲಿಂಗಪ್ಪ ಅನ್ನಾಂವ ಒಂದು ವಸತಿ ಸಾಲಿ ನಡಸತಿದ್ದ. ಸರಕಾರದ ಅನುದಾನ ಐತಿ, ಊಟಾ ವಸತಿ ಎಲ್ಲಾ ಪುಕ್ಕಟ ಅಂದ. ಆ ಅನುದಾನ ಹೆಂಗಂದ್ರ, ಅದು ಸಾಲಿಗಲ್ಲ, ಮಗೂಗ. ತಾಯಿ-ತಂದಿ ಯಾವ ಸಾಲಿ ಆರಿಸತಾರೋ ಆ ಸಾಲಿಗೆ ಮಗೂನ ಬೆನ್ನಹತ್ತಿ ಹೋಗತೈತಿ. ಹುಡುಗಿನ್ನ ಸೇರಸೂ ದಿನ ಆಂವ ನಗಕೋತ, ನಮ್ಮ ಮನ್ಯಾಗ ಎಳೀ ಕರಾ ಅದಾವ, ಮೆತ್ತನ್ನ ಕಣ್ಣಿ ಇದ್ರ ಕೊಡವ್ವಾ ಅಂದ. ಅಕ್ಕ ಹಿಗ್ಗಿ ಹೀರೀಕಾಯಿ ಆಗಿ, ತನ್ನ ಮದುವಿ ಹಸರ ಸೀರೀನ ಹರದು ಕಣ್ಣಿ ಹೊಸೆದು ಕೊಟ್ಲು. ಕರಾದ ಮ್ಯಾಲೆ ಇಷ್ಟ ಕರುಳ ಇರಾಂವ ಮಕ್ಕಳನ್ನ ಎಷ್ಟ ಛಲೋ ನೋಡ್ಕೊಂಡಾನು ಅಂತ ನನ್ನ ಮುಂದ ಹೊಗಳಿದ್ಲು.

ಭೇಟಿಗೆ ರವಿವಾರ ಅಷ್ಟ ಬಿಡತಿದ್ರು. ಒಮ್ಮೆ ಸಂತಿ ಮುಗಿಸಿ, ಶೇಂಗಾ ಉಂಡಿ ಕೊಟ್ಟ ಬರೂಣಂತ ವಾರದ ನಡುವ ಹಿತ್ತಲ ಬಾಗಲದಿಂದ ಇಬ್ರೂ ಒಳಗ ಹೋದ್ವಿ. ರಾಣಿ ಕಿಟಕಿ ಕೆಳಗ ಕುಂತಿತ್ತು. ಎರಡೂ ಕೈ ಕೂಡಿಸಿ ಕಿಟಕಿ ಸರಳಿಗೆ ಕಟ್ಟಿದ್ರು. ಹಗ್ಗದಾಗ ಹಸರ ಸೀರಿ ಎಳಿ ಕಾಣತಿತ್ತು. ಅಕ್ಕನ ಕೈಯಾಗಿನ ಕಣ್ಣಿ ಅದು. ಹುಡುಗಿ ಕೈ ಮ್ಯಾಲೆ ಒಂದ ಗೀರ ಇರಲಿಲ್ಲ. ಆ ಭಾಡ್ಯಾಗ ಮೆತ್ತನ್ನ ಹಗ್ಗ ಬೇಕಾಗಿದ್ದು ಅದಕ್ಕ.

ನನ್ನ ಮೈ ಉರದು ಒದರಾಕ ಬಾಯಿ ತೆರದೆ. ಅಕ್ಕ ನನ್ನ ರಟ್ಟಿ ಹಿಡದ್ಲು. ಗಂಟ ಬಿಚ್ಚಿ, ಕಣ್ಣಿ ಸುತ್ತಿ ಚೀಲಕ್ಕ ಹಾಕ್ಕೊಂಡು, ಮಗಳನ್ನ ಎಬ್ಬಿಸಿದ್ಲು. ರಾಮಲಿಂಗಪ್ಪ ಓಡಿ ಬಂದು, ಹುಡುಗಿ ರಸ್ತೇಕ ಓಡತೈತಿ, ಅದರ ಜೀಂವಾ ಉಳಸಾಕಂತ ಕಟ್ಟೇವಿ ಅಂದ. ಅಕ್ಕ ಮಗಳ ಕೈ ಹಿಡದು ಬಾಗಲ ಕಡೆ ನಡದ್ಲು. ಕಡೀಕ ಆಂವ ಧ್ವನಿ ಬದಲಿಸಿ, ಹೊರಗ ಬಾಯಿ ಬಿಟ್ರ ಈಕಿಗೆ ಯಾವ ಸಾಲ್ಯಾಗೂ ಜಾಗಾ ಸಿಗದಂಗ ಮಾಡತೇನಿ ಅಂದ. ನಾವು ರಾಣಿನ್ನ ಮನೀಗೆ ಕರಕೊಂಡ ಬಂದ್ವಿ.

ಸವದತ್ತ್ಯಾಗಿನ ಒಂದು ಸಾಲಿಯವರು ರಾಣಿನ್ನ ತಗೋತೇವಂದ್ರು. ಆದ್ರ ಅನುದಾನ ಅಲ್ಲಿಗೆ ಹೋಗಬೇಕಂದ್ರ, ಸರಕಾರದ ತಪಾಸಣಿ ದಿನ ತಾಯಿ ಹಳೇ ಸಾಲ್ಯಾಗ ಅಧಿಕಾರಿ ಮುಂದ ನಿಂತು ಸಾಲಿ ಬದಲಿಸತೇನಂತ ಬಾಯಿಬಿಟ್ಟ ಹೇಳಬೇಕಿತ್ತು. ಅದು ತಪ್ಪಿದ್ರ ಹುಡುಗಿ ವರ್ಷಗಟ್ಟಲೆ ಮನಿ ಹಿಡದು ಕುಂದರೂದ. ಮೊದಲ ಪೊಲೀಸರಿಗೆ ಹೇಳೂಣ ಅಂದೆ ನಾ. ಅಕ್ಕ ಒಪ್ಪಲಿಲ್ಲ.

"ಈಗ ಹೇಳಿದ್ರ ಬಾಕಿ ತಾಯಂದಿರು ಹೆದರಿ ಅವನ ಕಡೇನ ಮಾತಾಡತಾರ. ಮೊದಲ ಅವನ ಸಾಲಿ ಖಾಲಿ ಮಾಡತೇನಿ."

ಕಿತ್ತೂರು, ರಾಮದುರ್ಗ ಅಂತ ಆ ಮಕ್ಕಳ ಊರ ಕೇಳ್ಕೋತ ಮನಿ ಮನಿ ತಿರಗಿದ್ಲು. ನಾನೂ ಬೆನ್ನಹತ್ತಿ ಹೋಗತಿದ್ದೆ. ಕಿತ್ತೂರಿನ ಮಂಜುಳಾ ಹೈವೇ ಬಾಜೂಕ ಖಾನಾವಳಿ ನಡಸಾಕಿ, ಅಕೀ ಮಗನೂ ಅದ ಸಾಲ್ಯಾಗಿದ್ದ. ಅಲ್ಲಿಂದ ಬಿಡಿಸಿದ್ರ ಇವನ್ನ ಯಾರ ನೋಡ್ಕೋತಾರಂತ ಜಗ್ಗಲೇ ಇಲ್ಲ. ಅಕ್ಕ ವಾದಾ ಮಾಡಲಿಲ್ಲ. ಚೀಲದಾಗಿನ ಕಣ್ಣಿ ತಗದು ಮಂಜುಳಾನ ಎರಡೂ ಕೈ ಕೂಡಿಸಿ ಕಟ್ಟಿ, "ಈಗ ರೊಟ್ಟಿ ಬಡಿಯವ್ವಾ" ಅಂದ್ಲು. ಮಂಜುಳಾ ಹಿಟ್ಟಿನ ಮುಂದ ಕುಂತು, ಕಟ್ಟಿದ ಕೈ ನೋಡ್ಕೋತ ಅಳಾಕ ಹತ್ತಿದ್ಲು. ಅಕ್ಕ ಲಗೂನ ಬಿಚ್ಚಲಿಲ್ಲ. ನಂಗ ಅಕ್ಕನ ಮ್ಯಾಲೆ ಸಿಟ್ಟೂ ಬಂತು, ಹೆದರಿಕೀನೂ ಬಂತು.

ತಪಾಸಣಿ ದಿನ ರಾಮಲಿಂಗಪ್ಪ ಪಟಗಾ ಸುತ್ತಿ, ಹೆಣ್ಣ ಅಧಿಕಾರಿ ಬಾಯಾರಿಗೆ ಶಾಲು ಹೊಚ್ಚಿ ಸತ್ಕಾರ ಮಾಡಿದ. ಪಾಲಕರು ಏನರ ಹೇಳೂದಿದ್ರ ಹೇಳ್ರಿ ಅಂದ್ರು ಬಾಯಾರು. ಅಕ್ಕ ಎದ್ದು, ನನ್ನ ಮಗಳನ್ನ ಸವದತ್ತಿ ಸಾಲಿಗೆ ಹಾಕತೇನಿ ಅಂದ್ಲು. ಹಿಂದಿನಿಂದ ಮಂಜುಳಾ ಎದ್ಲು. ಆಮ್ಯಾಲೆ ಗೋಡಿಗುಂಟ ಕುಂತ ಬಾಕಿ ಪಾಲಕರು ಒಬ್ಬರ ಹಿಂದ ಒಬ್ಬರು ಎದ್ದು, ನಮ್ಮ ಮಕ್ಕಳನ್ನೂ ಬಿಡಸತೇವಂದ್ರು. ಅಕ್ಕ ಮುಂದ ಹೋಗಿ ಕಣ್ಣಿ ಮೇಜಿನ ಮ್ಯಾಲೆ ಇಟ್ಟು, ಎಲ್ಲಾರಿಗೂ ಕೇಳೂವಂಗ ಅಂದ್ಲು, "ರಾಮಲಿಂಗಪ್ಪನವರ, ನಿಮ್ಮ ಕರಾ ಎಲ್ಲಿ ಅದಾವ್ರಿ?"

ಆಂವ ಕರ್ರಗಾದ. ನಂಗ ಹೊಟ್ಟಿ ತುಂಬಾ ಹೋಳಿಗಿ ಉಂಡಷ್ಟ ಸಮಾಧಾನ ಆತು, ಸುಳ್ಳ ಯಾಕ ಹೇಳಲಿ. ಮಕ್ಕಳ ಜೋಡಿ ಅನುದಾನಾನೂ ಹೋಗಿ ಸಾಲಿಗೆ ಕೀಲಿ ಬಿತ್ತು. ಬಾಯಾರು ಕಣ್ಣಿ ತಿರುಗಿ ಕೊಟ್ಟು, ನೀವು ತಕರಾರ ಕೊಟ್ರ ಪೊಲೀಸ್ ಕೇಸೂ ಆಗತೈತಿ ಅಂದ್ರು. ಅಕ್ಕ, ಇಷ್ಟ ಸಾಕ್ರಿ, ಹುಡುಗಿ ಠಾಣೆಕ್ಕ ಅಡ್ಡಾಡೂದು ಬ್ಯಾಡ ಅಂದ್ಲು. ರಾಣಿ ಸವದತ್ತಿಗೆ ಹೋತು.

ದೀಪಾವಳಿ ಸೂಟಿಗೆ ಅದು ಮನೀಗೆ ಬಂದಾಗ, ಒಂದಿನ ರಾಮಲಿಂಗಪ್ಪ ನಮ್ಮ ಮನಿ ಮುಂದಿನ ಕಟ್ಟಿಗೆ ಬಂದ. ರಾಮದುರ್ಗದಾಗ ಬ್ಯಾರೆ ಹೆಸರಿಲೆ ಸಾಲಿ ತೆಗ್ಯಾಕ ಹತ್ತೇನಿ, ಆಗಿದ್ದು ಆಗಿ ಹೋತು, ನೀನೊಂದು ಛಲೋ ಮಾತ ಹೇಳಿದ್ರ ತಾಯಂದಿರು ಬರತಾರ ಅಂದ. ಅಕ್ಕ ಹಗ್ಗ ಹೊಸಕೋತನ ಕುಂದರ್ರಿ ಅಂದ್ಲು. ನೀರ ತರಾಕ ನಾ ಏಳಲಿಲ್ಲ.

ಅಷ್ಟರಾಗ ರಾಣಿ ಹೊರಗ ಬಂತು. ಅವನ್ನ ನೋಡಿ ಅಳಲಿಲ್ಲ, ಓಡಲೂ ಇಲ್ಲ. ಸೀದಾ ಅವನ ಮುಂದ ಹೋಗಿ ನಿಂತು, ಕಟ್ಟಲಿ ಅಂತ ಎರಡೂ ಕೈ ಕೂಡಿಸಿ ಚಾಚಿತು.

ಅಕ್ಕನ ಕೈಯಾಗಿನ ಹಗ್ಗ ನಿಂತಿತು. 

"ನಿಮ್ಮ ಸಾಲಿ ಮುಚ್ಚಿಸಿದ್ದು ಸಾಕಾಗಿಲ್ಲ ನೋಡ್ರಿ," ಅಂದ್ಲು.

ಮರದಿನ ಮುಂಜಾನೆ ಮೊದಲ ಬಸ್ಸಿಗೆ ಇಬ್ರೂ ಬೈಲಹೊಂಗಲ ಪೊಲೀಸ್ ಠಾಣೆಕ್ಕ ಹೊಂಟ್ವಿ. ಕಣ್ಣಿ ಅಕ್ಕನ ಚೀಲದಾಗಿತ್ತು. ಮಂಜುಳಾ ಕಿತ್ತೂರಿಂದ ಬಂದು ಬಸ್ ಸ್ಟ್ಯಾಂಡಿನಾಗ ಕಾಯಾಕ ಹತ್ತಿದ್ಲು.